ಹಿತ್ತಿಲಿನ ಪ್ಲಮ್ ಹಣ್ಣು ಮತ್ತು ಕಾಲಾತಿಕ್ರಮ

ಶ್ರಾವಕರು ತ್ಯಜಿಸಬೇಕಾದ ಇಪ್ಪತ್ತೆರಡು ಅಭಕ್ಷ್ಯಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ರೂಢಿ ನಮ್ಮ ಮನೆಗಳಲ್ಲಿ ಇತ್ತು. ಆ ಪಟ್ಟಿಯಲ್ಲಿ ಮದ್ಯ, ಮಾಂಸ, ಮಧು, ಪಂಚ ಉದುಂಬರಗಳು ಏಕೆ ಬಂದಿವೆಯೆಂಬುದು ಚಿಕ್ಕವರಿಗೂ ತಿಳಿಯುತ್ತದೆ. ‘ಅಜ್ಞಾತಫಲ’ ಎಂಬ ಒಂದು ಮಾತು ಮಾತ್ರ ನನಗೆ ಬಹುಕಾಲ ಒಗಟಾಗಿಯೇ ಉಳಿದಿತ್ತು. ಹೆಸರು ತಿಳಿಯದ ಹಣ್ಣನ್ನು ತಿನ್ನಬಾರದು ಎಂಬುದರಲ್ಲಿ ಧರ್ಮದ ಮಾತೇನಿದೆ, ಅದು ಬರಿಯ ಜಾಗರೂಕತೆಯಲ್ಲವೇ ಎನಿಸುತ್ತಿತ್ತು. ಶ್ವೇತಾಂಬರ ಪರಂಪರೆಯ ಕಥೆಗಳಲ್ಲಿ ಬರುವ ವಂಕಚೂಲನು ಹೆಸರರಿಯದ ಹಣ್ಣನ್ನು ತಿನ್ನುವುದಿಲ್ಲವೆಂದು ಆಚಾರ್ಯರ ಬಳಿ ನಿಯಮ ಹಿಡಿದಿದ್ದನು. ಕಿಂಪಾಕ ಫಲವನ್ನು ತಿಂದು ಸಂಗಡಿಗರೆಲ್ಲ ಸತ್ತಾಗ ಆ ಸಣ್ಣ ನಿಯಮವೇ ಅವನನ್ನು ಕಾಯಿತು. ಕಥೆ ಕೇಳಲು ಚೆನ್ನ. ಆದರೆ ಕಾರ್ಕಳದ ಕಡೆಯ ನಮ್ಮ ಊರಿನಲ್ಲಿ ಹೆಸರು ತಿಳಿಯದ ಹಣ್ಣು ಎಲ್ಲಿಂದ ಬರಬೇಕು? ಮಾವು, ಹಲಸು, ಪೇರಳೆ, ನೇರಳೆ, ಪುನರ್ಪುಳಿ, ಎಲ್ಲಕ್ಕೂ ತುಳುವಿನಲ್ಲೊಂದು, ಕನ್ನಡದಲ್ಲೊಂದು ಹೆಸರಿದ್ದೇ ಇದೆ.

ಆ ನಿಯಮಕ್ಕೆ ಅರ್ಥ ಬಂದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದಲ್ಲಿ, ಮಗನ ಮನೆಯ ಹಿತ್ತಿಲಿನಲ್ಲಿ. ಮನೆಯನ್ನು ಕೊಂಡಾಗ ಅದರೊಂದಿಗೇ ಬಂದ ಮರವೊಂದು ಅಲ್ಲಿ ಇದೆ. ಫೆಬ್ರವರಿ ಮಾರ್ಚಿಯಲ್ಲಿ ಎಲೆಗಿಂತ ಮೊದಲು ಬಿಳಿಯ ಹೂವು ಮೈತುಂಬ ಬಿಡುತ್ತದೆ. ಜೂನ್ ತಿಂಗಳ ನಡುವಿನಿಂದ ಜುಲೈ ಮೊದಲ ವಾರದವರೆಗೆ ಹಣ್ಣು. ಆ ವರ್ಷ ನನ್ನೊಂದಿಗೆ ನನ್ನ ಅಕ್ಕನೂ ಬಂದಿದ್ದಳು. ಅವಳು ಐದನೆಯ ಪ್ರತಿಮೆಯನ್ನು, ಎಂದರೆ ಸಚಿತ್ತತ್ಯಾಗವನ್ನು, ಸ್ವೀಕರಿಸಿದವಳು. ಕಾಯಿ, ಹಣ್ಣು, ಎಲೆ, ಬೀಜ ಯಾವುದನ್ನೂ ಹಸಿಯಾಗಿ ತಿನ್ನುವುದಿಲ್ಲ, ಪ್ರಾಸುಕವಾದುದನ್ನೇ ಸೇವಿಸುತ್ತಾಳೆ. ಮಗನು ತಟ್ಟೆಯ ತುಂಬ ಕೆಂಪು ಹಣ್ಣುಗಳನ್ನು ತಂದು ಅವಳ ಮುಂದಿಟ್ಟಾಗ ಅವಳು ಕೇಳಿದ ಮೊದಲ ಮಾತು, “ಇದರ ಹೆಸರೇನು?” ಎಂದು.

“ಪ್ಲಮ್, ದೊಡ್ಡಮ್ಮ.”

“ಅದು ಇವರು ಕರೆಯುವ ಹೆಸರಾಯಿತು. ಹಣ್ಣು ಎಂಥದು?”

ಅಂದು ಅಕ್ಕ ಮಾಡಿದ ಪರೀಕ್ಷೆಯನ್ನು ನಾನು ಮರೆಯಲಾರೆ. ಹೆಸರು ಕೇಳಿದ್ದು ಪರೀಕ್ಷೆಯ ಬಾಗಿಲು ಮಾತ್ರ. ನಮ್ಮ ಊರಿನ ದಿನಸಿ ಅಂಗಡಿಗಳಲ್ಲಿ ಒಣಗಿಸಿ ಮಾರುವ ಆಲೂಬುಖಾರ ಇದೇ ಕುಲದ್ದೆಂದು ನಾನು ಹೇಳಿದಾಗ ಅವಳಿಗೆ ಅರ್ಧ ಸಮಾಧಾನವಾಯಿತು. ಅನಂತರ ಚಾಕು ತರಿಸಿದಳು. ಹಣ್ಣಿನ ಮೈಮೇಲೆ ತೊಟ್ಟಿನಿಂದ ತುದಿಯವರೆಗೆ ಸ್ಪಷ್ಟವಾಗಿ ಇಳಿದಿರುವ ಸಂಧಿಯ ಗೆರೆಯನ್ನು ಬೆರಳಿನಿಂದ ಸವರಿದಳು. ಆ ಗೆರೆಯ ಗುಂಟ ಸೀಳಿ ಒಳಗಿನ ಎಳೆಗಳನ್ನೂ ನಾರನ್ನೂ ನೋಡಿದಳು. ಬೀಜ ಒಂದೇ ಎಂಬುದನ್ನು ಖಚಿತಮಾಡಿಕೊಂಡಳು. ತೊಟ್ಟಿನಲ್ಲಿ ಹಾಲು ಬರುವುದೇ ಎಂದು ಒತ್ತಿ ನೋಡಿದಳು. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರ ಜೀವಕಾಂಡದಲ್ಲಿ ವನಸ್ಪತಿಗಳ ವಿಚಾರ ಬರುವ ಕಡೆ ಈ ಲಕ್ಷಣಗಳೇ ಹೇಳಲ್ಪಟ್ಟಿವೆ. ನರ, ಸಂಧಿ, ಗಿಣ್ಣುಗಳು ಮೇಲೆ ಕಾಣದಿದ್ದರೆ, ಮುರಿದಾಗ ನಾರಿಲ್ಲದೆ ಸಮವಾಗಿ ಮುರಿದರೆ, ಕತ್ತರಿಸಿದರೂ ಮತ್ತೆ ಬೆಳೆಯುವಂತಿದ್ದರೆ ಅದು ಸಪ್ರತಿಷ್ಠಿತ ಪ್ರತ್ಯೇಕ; ಅದನ್ನು ಆಶ್ರಯಿಸಿ ಅನಂತ ನಿಗೋದ ಜೀವಗಳಿರುತ್ತವೆ. ಈ ಲಕ್ಷಣಗಳಿಲ್ಲದಿದ್ದರೆ ಅಪ್ರತಿಷ್ಠಿತ. ಬಲಿತ ಪ್ಲಮ್ ಹಣ್ಣು ಎರಡನೆಯ ಗುಂಪಿಗೆ ಸೇರಿತು. ಏಪ್ರಿಲ್ ತಿಂಗಳಲ್ಲಿ ಬಟಾಣಿಯ ಗಾತ್ರದಲ್ಲಿದ್ದಾಗ, ಒಳಗೆ ಬೀಜದ ಚಿಪ್ಪು ಇನ್ನೂ ಗಟ್ಟಿಯಾಗದಿದ್ದಾಗ, ಇದೇ ಹಣ್ಣು ತುಚ್ಛಫಲ. ಆಗ ಅದು ನಮಗೆ ವರ್ಜ್ಯ. ಹಣ್ಣೊಂದನ್ನು ‘ಅರಿಯುವುದು’ ಎಂದರೆ ಇಷ್ಟನ್ನೂ ಅರಿಯುವುದೆಂದು ನನಗೆ ಅಂದು ಹೊಳೆಯಿತು. ತಿನ್ನುವ ಮೊದಲು ಒಂದು ಕ್ಷಣ ನಿಲ್ಲುವಂತೆ ಮಾಡುವುದೇ ಆ ನಿಯಮದ ಕೆಲಸ.

ನಾನು ಆ ಹಣ್ಣಿನ ಚರಿತ್ರೆಯನ್ನೂ ಸ್ವಲ್ಪ ಹುಡುಕಿ ಓದಿಕೊಂಡೆ. ನಮ್ಮ ಹಿತ್ತಿಲಿನದು ‘ಸಾಂತಾ ರೋಸಾ’ ಎಂಬ ತಳಿ. ಲೂಥರ್ ಬರ್ಬ್ಯಾಂಕ್ ಎಂಬ ಪ್ರಖ್ಯಾತ ಸಸ್ಯತಜ್ಞನು ಕ್ಯಾಲಿಫೋರ್ನಿಯಾದ ಸಾಂತಾ ರೋಸಾ ಊರಿನಲ್ಲಿದ್ದ ತನ್ನ ತೋಟದಲ್ಲಿ, ಜಪಾನಿನಿಂದ ತರಿಸಿದ ಪ್ಲಮ್ ಗಿಡಗಳನ್ನು ಸಂಕರಗೊಳಿಸಿ ಬೆಳೆಸಿ, 1906ರಲ್ಲಿ ಇದನ್ನು ಹೊರತಂದನು. ನಮ್ಮ ದೇಶದ ಹಿಮಾಚಲ ಪ್ರದೇಶದಲ್ಲಿ ಪ್ರಧಾನವಾಗಿ ಬೆಳೆಯುವುದೂ ಇದೇ ತಳಿಯೇ. ಜೂನ್ ಜುಲೈ ತಿಂಗಳುಗಳಲ್ಲಿ ಬೆಂಗಳೂರಿನ ತಳ್ಳುಗಾಡಿಗಳ ಮೇಲೆ ಕಾಣುವ ಕೆಂಪು ಪ್ಲಮ್ ಹಣ್ಣು ಇದರ ದಾಯಾದಿಯೇ ಆಗಿರಬಹುದಾದ್ದರಿಂದ, ಮುಂದೆ ಹೇಳುವ ಅಡಿಗೆಯ ಮಾತುಗಳು ಊರಿನಲ್ಲಿರುವ ಸೋದರಿಯರಿಗೂ ಉಪಯೋಗಕ್ಕೆ ಬಂದಾವು. ಇಂದು ಗಣಕಯಂತ್ರಗಳ ಕಂಪನಿಗಳಿಂದ ತುಂಬಿಹೋಗಿರುವ ಸಾಂತಾ ಕ್ಲಾರಾ ಕಣಿವೆ ಒಂದು ಕಾಲಕ್ಕೆ ಪ್ಲಮ್ ತೋಪುಗಳ ಕಣಿವೆಯಾಗಿತ್ತು. 1850ರ ದಶಕದಲ್ಲಿ ಲೂಯಿ ಪೆಲ್ಲಿಯೆ ಎಂಬ ಫ್ರೆಂಚ್ ವಲಸೆಗಾರನ ಸ್ಯಾನ್ ಹೋಸೆಯ ಸಸ್ಯಕ್ಷೇತ್ರದಲ್ಲಿ, ಫ್ರಾನ್ಸಿನಿಂದ ತಂದ ಕಡ್ಡಿಗಳನ್ನು ಕಸಿಕಟ್ಟಿ ಒಣಗಿಸುವ ಜಾತಿಯ ಪ್ಲಮ್ ಬೆಳೆ ಆರಂಭವಾಯಿತು. ಎರಡನೆಯ ಮಹಾಯುದ್ಧದ ಅನಂತರ ತೋಪುಗಳು ಹೋಗಿ ಮನೆಗಳು ಬಂದವು. ಬೇಲಿಯಾಚೆ ಈಚೆ ಅಲ್ಲೊಂದು ಇಲ್ಲೊಂದು ಮರಗಳು ಮಾತ್ರ ಉಳಿದಿವೆ.

ಒಂದೇ ಮರ, ಆದರೆ ಅದು ಕೊಡುವ ಹಣ್ಣು ಐದು ಜನರ ಮನೆಗೆ ಮೀರಿದ್ದು. ಆ ವರ್ಷ ನಾವು ತೂಗಿದ್ದೇ 70 ಕಿಲೋ ದಾಟಿತು. ಇಡೀ ಫಸಲು ಎರಡು ಮೂರು ವಾರಗಳೊಳಗೆ ಮುಗಿದುಹೋಗುವುದರಿಂದ ದಿನಕ್ಕೆ ನಾಲ್ಕೈದು ಕಿಲೋ ಮನೆಯೊಳಗೆ ಬರುತ್ತಿತ್ತು. ಮಗನಿಗೆ ಇದು ಸಂತೋಷಕ್ಕಿಂತ ತಲೆನೋವೇ ಆಗಿತ್ತು. ನೆಲಕ್ಕೆ ಬಿದ್ದ ಹಣ್ಣು ಕೊಳೆತು ನೊಣ, ಇರುವೆ, ಹುಳುಗಳಿಗೆ ಮನೆಯಾಗುತ್ತದೆ. ರಾತ್ರಿ ಇಲಿಗಳು ಬೇಲಿಯ ಮೇಲೆ ಓಡಾಡುತ್ತವೆ. ಹಿಂದಿನ ವರ್ಷ ಕೀಟ ನಿವಾರಣೆಯವನೊಬ್ಬ ಬಂದು ನೋಡಿ, ಒಂದೋ ವಿಷದ ಪೆಟ್ಟಿಗೆಗಳನ್ನು ಇಡಬೇಕು, ಇಲ್ಲವೇ ಮರವನ್ನೇ ತೆಗೆಸಬೇಕು ಎಂದು ಹೇಳಿ ಹೋಗಿದ್ದನಂತೆ. ವಿಷ ಇಡುವ ಮಾತು ನಮ್ಮ ಮನೆಯಲ್ಲಿ ಬರುವಂತೆಯೇ ಇಲ್ಲ. ಮರ ತೆಗೆಸಲು ಎಷ್ಟು ಖರ್ಚೆಂದು ಮಗನು ಆಗಲೇ ವಿಚಾರಿಸಿ ಇಟ್ಟಿದ್ದನು.

ಅಕ್ಕ ಈ ಮಾತನ್ನು ಕೇಳಿ ಜೋರಾಗಿ ನಕ್ಕುಬಿಟ್ಟಳು. “ಮಠದ ಗೋಡೆಯ ಮೇಲಿನ ಚಿತ್ರ ನೋಡಿಲ್ಲವೇ ನೀನು? ಕೊಡಲಿ ಹಿಡಿದು ಬುಡದಲ್ಲಿ ನಿಂತವನೊಬ್ಬ ಇದ್ದಾನಲ್ಲ!” ಎಂದಳು.

ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳನ್ನು ನೋಡಿದವರಿಗೆ ಆ ಮರ ನೆನಪಿರಬಹುದು. ಷಡ್ಲೇಶ್ಯೆಗಳ ದೃಷ್ಟಾಂತ ಅದು. ಹಸಿದ ಆರು ಜನ ದಾರಿಗರು ಹಣ್ಣು ತುಂಬಿದ ಮರವೊಂದನ್ನು ಕಾಣುತ್ತಾರೆ. ಕೃಷ್ಣಲೇಶ್ಯೆಯವನು ಮರವನ್ನು ಬುಡಸಹಿತ ಕಡಿಯೋಣ ಎನ್ನುತ್ತಾನೆ. ನೀಲಲೇಶ್ಯೆಯವನು ಕಾಂಡವನ್ನು, ಕಾಪೋತಲೇಶ್ಯೆಯವನು ಕೊಂಬೆಯನ್ನು, ಪೀತಲೇಶ್ಯೆಯವನು ರೆಂಬೆಯನ್ನು ಕಡಿಯೋಣ ಎನ್ನುತ್ತಾರೆ. ಪದ್ಮಲೇಶ್ಯೆಯವನಿಗೆ ಹಣ್ಣನ್ನಷ್ಟೇ ಕಿತ್ತರೆ ಸಾಕು. ಶುಕ್ಲಲೇಶ್ಯೆಯವನು ತಾನಾಗಿ ಉದುರಿದ ಹಣ್ಣುಗಳನ್ನು ಆಯ್ದುಕೊಳ್ಳುತ್ತಾನೆ. ಚಿತ್ರ ಕಣ್ಣಿಗೆ ಕಟ್ಟುವಂಥದು. ಆದರೆ ಹಿತ್ತಿಲಿನ ಮರದ ಕೆಳಗೆ ಬುಟ್ಟಿ ಹಿಡಿದು ನಿಂತಾಗ ಒಂದು ತೊಡಕು ಎದುರಾಗುತ್ತದೆ. ನೆಲಕ್ಕೆ ಬಿದ್ದ ಪ್ಲಮ್ ಹಣ್ಣು ಒಡೆದಿರುತ್ತದೆ. ಒಂದು ಹಗಲು ಕಳೆಯುವುದರೊಳಗೆ ಅದರಲ್ಲಿ ಇರುವೆ ಸೇರಿರುತ್ತದೆ, ನೊಣದ ಮೊಟ್ಟೆಯಿರುತ್ತದೆ. ಉದುರಿದ ಹಣ್ಣನ್ನೇ ತಿನ್ನುತ್ತೇವೆಂದು ಹೊರಟರೆ ತ್ರಸಜೀವಗಳ ಘಾತವಾಗುವುದು ಖಂಡಿತ. ಹಾಗಾದರೆ ಶುಕ್ಲಲೇಶ್ಯೆಯವನು ಮಾಡಿದ್ದೇನು?

ಅಕ್ಕನಿಗೂ ನನಗೂ ಈ ವಿಷಯದಲ್ಲಿ ನಾಲ್ಕು ದಿನ ಚರ್ಚೆ ನಡೆಯಿತು. ದೃಷ್ಟಾಂತವು ಪರಿಣಾಮವನ್ನು, ಎಂದರೆ ಒಳಗಿನ ಭಾವವನ್ನು ಅಳೆಯುವುದಕ್ಕಾಗಿ ಹೇಳಿದ್ದು, ಹಣ್ಣು ಕೊಯ್ಯುವ ಕ್ರಮವನ್ನು ಕಲಿಸುವುದಕ್ಕಲ್ಲ ಎಂದು ಅವಳು. ನಾನು ಅಷ್ಟಕ್ಕೆ ಬಿಡಲು ಸಿದ್ಧಳಿರಲಿಲ್ಲ. ಭಾವ ಶುದ್ಧವಾಗಿದ್ದರೆ ಅದು ಕೈಗೂ ಬರಬೇಕಲ್ಲವೇ? ಕೊನೆಗೆ ಮರವೇ ಒಂದು ದಾರಿಯನ್ನು ತೋರಿಸಿತು. ಬಲಿತ ಪ್ಲಮ್ ಹಣ್ಣನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಎತ್ತಿ ತಿರುಗಿಸಿದರೆ, ಕಾಲ ಬಂದಿದ್ದರೆ ಅದು ತಾನಾಗಿ ಕೈಗೆ ಬರುತ್ತದೆ. ಎಳೆಯಬೇಕಾಗಿ ಬಂದರೆ ಕಾಲ ಬಂದಿಲ್ಲ. ಎಳೆದು ಕೀಳುವುದಿಲ್ಲ ಎಂಬುದು ನಮ್ಮ ನಿಯಮವಾಯಿತು. ಇದಲ್ಲದೆ ಸಂಜೆ ಮರದ ಕೆಳಗೆ ಹಳೆಯ ಬಟ್ಟೆಯನ್ನು ನಾಲ್ಕು ಗೂಟಗಳಿಗೆ ಕಟ್ಟಿ, ನೆಲಕ್ಕೆ ತಾಗದಂತೆ ಹರಡಿದೆವು. ರಾತ್ರಿ ಉದುರಿದ ಹಣ್ಣು ಒಡೆಯದೆ ಅದರ ಮೇಲೆ ಉಳಿಯುತ್ತಿತ್ತು. ಸೂರ್ಯೋದಯವಾದೊಡನೆ ಆಯ್ದು, ನೋಡಿ, ಒಳಗೆ ತರುವುದು. ನೆಲ ಸ್ವಚ್ಛವಾದ ಮೇಲೆ ಇಲಿಗಳ ಓಡಾಟ ತಾನಾಗಿಯೇ ಕಡಿಮೆಯಾಯಿತು. ನನ್ನ ದೃಷ್ಟಿಯಲ್ಲಿ ಈ ದಿನನಿತ್ಯದ ಅರ್ಧ ಗಂಟೆಯ ಬಗ್ಗುವ ಕೆಲಸಕ್ಕೆ ಯತ್ನಾಚಾರವೆಂದು ಹೆಸರು. ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ತಿ ತಪ್ಪುವುದಿಲ್ಲ. ಆದರೆ ಇಂದು ಆಯದೆ ಬಿಟ್ಟ ಹಣ್ಣು ನಾಳೆ ಸಂಕಲ್ಪೀ ಹಿಂಸೆಯ ಮಾತಿಗೆ, ಆ ವಿಷದ ಪೆಟ್ಟಿಗೆಯ ಮಾತಿಗೆ, ಎಡೆಮಾಡಿಕೊಡುತ್ತದೆ.

ಇನ್ನು ಹಣ್ಣಾಗಿಸುವ ವಿಚಾರ. ಪ್ಲಮ್ ಹಣ್ಣು ಮಾವು ಬಾಳೆಗಳಂತೆ ಕಿತ್ತ ಮೇಲೂ ಹಣ್ಣಾಗುವ ಜಾತಿಗೆ ಸೇರಿದ್ದು. ಆದರೆ ಮಾವು ಬಾಳೆಗಳಲ್ಲಿ ಪಿಷ್ಟ ಸಂಗ್ರಹವಾಗಿದ್ದು ಅದು ಆಮೇಲೆ ಸಕ್ಕರೆಯಾಗುತ್ತದೆ. ಪ್ಲಮ್‌ನಲ್ಲಿ ಆ ಸಂಗ್ರಹವಿಲ್ಲ. ಆದ್ದರಿಂದ ಕಾಯಿಯಾಗಿ ಕಿತ್ತ ಪ್ಲಮ್ ಮೆತ್ತಗಾಗುತ್ತದೆ, ಹುಳಿ ತಗ್ಗುತ್ತದೆ, ಸಿಹಿ ಮಾತ್ರ ಹೆಚ್ಚುವುದಿಲ್ಲ. ಮರದಲ್ಲಿ ಬಣ್ಣ ಪೂರ್ತಿ ಏರಿ, ತುದಿಯ ಹತ್ತಿರ ಬೆರಳೊತ್ತಿದರೆ ತುಸು ಬಗ್ಗುವಾಗ ಇಳಿಸಿಕೊಳ್ಳಬೇಕು. ಒಂದರ ಮೇಲೊಂದು ಪೇರಿಸದೆ, ತೊಟ್ಟಿನ ಭಾಗ ಕೆಳಗಾಗಿ ಅಗಲವಾದ ತಟ್ಟೆಯಲ್ಲಿ ಹರಡಿ ಇಟ್ಟರೆ ಎರಡು ಮೂರು ದಿನಗಳಲ್ಲಿ ಹದವಾಗುತ್ತದೆ. ಬೇಗ ಬೇಕಾದರೆ ಕಾಗದದ ಚೀಲದಲ್ಲಿ ಒಂದು ಬಾಳೆಹಣ್ಣಿನೊಂದಿಗೆ ಇಡುವುದು. ಬಾಳೆಹಣ್ಣು ಹೊರಸೂಸುವ ಎಥಿಲೀನ್ ಅನಿಲ ಉಳಿದವನ್ನು ಹಣ್ಣಾಗಿಸುತ್ತದೆ. ಪತ್ತಾಯದಲ್ಲಿ ಬೈಹುಲ್ಲಿನ ನಡುವೆ ಮಾವಿನಕಾಯಿಗಳನ್ನು ಇಡುತ್ತಿದ್ದ ನಮ್ಮ ಅಜ್ಜಿಯಂದಿರು ಆ ಅನಿಲದ ಹೆಸರನ್ನು ಕೇಳಿದವರಲ್ಲ, ಆದರೆ ಅದನ್ನು ಹಿಡಿದಿಡುವುದನ್ನು ಬಲ್ಲವರಾಗಿದ್ದರು. ಕಾಯಿಯಾಗಿರುವಾಗ ಫ್ರಿಜ್ಜಿನಲ್ಲಿ ಇಡಲೇಬಾರದು. ಆ ಶೀತದಲ್ಲಿ ತಿರುಳು ಒಳಗೇ ಕಂದಿ ಹಿಟ್ಟುಹಿಟ್ಟಾಗುತ್ತದೆ. ಮೈಮೇಲಿನ ಬೂದಿಯಂಥ ಬಿಳುಪು ಹಣ್ಣು ತಾನೇ ಹೊದೆದ ಮೇಣ. ಬಳಸುವ ತನಕ ತೊಳೆಯದಿದ್ದರೆ ಅದೇ ಹಣ್ಣನ್ನು ಕಾಯುತ್ತದೆ.

ಬಸದಿಗಳ ಆಡಳಿತ ನೋಡಿಕೊಳ್ಳುವವರ ಗಮನಕ್ಕೆ ಇಲ್ಲೊಂದು ಮಾತನ್ನು ಸೇರಿಸುತ್ತೇನೆ. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣಾಗಿಸುವುದು ನಮ್ಮ ದೇಶದಲ್ಲಿ ಕಾನೂನಿನ ಪ್ರಕಾರ ನಿಷಿದ್ಧ. ನಿಯಮಿತ ಪ್ರಮಾಣದ ಎಥಿಲೀನಿಗೆ 2016ರಲ್ಲಿ ಅನುಮತಿ ದೊರೆತಿದೆ. ಪೂಜೆಗೆ ತರುವ ಬಾಳೆ ಮಾವುಗಳನ್ನು ಕೊಳ್ಳುವಾಗ ಯಾವ ರೀತಿ ಹಣ್ಣಾಗಿಸಿದ್ದೆಂದು ಅಂಗಡಿಯವನನ್ನು ಕೇಳುವುದು ಅಷ್ಟದ್ರವ್ಯ ಶುದ್ಧಿಯ ಒಂದು ಅಂಗವೆಂದೇ ನಾನು ತಿಳಿದಿದ್ದೇನೆ.

ಅಡಿಗೆಯ ಮನೆಯಲ್ಲಿ ಮೊದಲ ಕೆಲಸ ಶೋಧನೆ. ಪ್ಲಮ್ ಹಣ್ಣನ್ನು ಇಡಿಯಾಗಿ ಬೇಯಿಸಿ ಸಿಪ್ಪೆ ಬಿಡಿಸುವುದು ಸುಲಭವೆಂದು ಅನೇಕರು ಹೇಳುತ್ತಾರೆ. ನಮ್ಮಲ್ಲಿ ಅದು ಸಲ್ಲದು. ಪತಂಗದ ಮರಿಹುಳು ಹೊರಗೆ ಸೂಜಿಮೊನೆಯಷ್ಟು ಗುರುತು ಬಿಟ್ಟು ಒಳಗೆ ಬೀಜದ ಸುತ್ತ ಸೇರಿರಬಹುದು. ಸಾಂತಾ ರೋಸಾ ತಳಿಯಲ್ಲಿ ತಿರುಳು ಬೀಜಕ್ಕೆ ಅಂಟಿಕೊಂಡಿರುವುದರಿಂದ ಬಿಡಿಸುವುದು ಕಷ್ಟ. ಸಂಧಿಯ ಗುಂಟ ಸುತ್ತಲೂ ಚಾಕು ಆಡಿಸಿ, ಎರಡು ಹೋಳುಗಳನ್ನು ಎದುರು ಬದುರು ತಿರುಚಬೇಕು. ಹುಳುವಿದ್ದ ಹೋಳನ್ನು ಹಾಗೆಯೇ ಕೊಂಡೊಯ್ದು ಬೇಲಿಯ ಮೂಲೆಯ ನೆರಳಿನಲ್ಲಿ ಇಡುವುದು ಮೊಮ್ಮಗಳ ಕೆಲಸ. ಎರಡು ಕಿಲೋ ಹಣ್ಣಿಗೆ ಮುಕ್ಕಾಲು ಗಂಟೆ ಬೇಕು. ಅವಸರವಿದ್ದ ದಿನ ಪ್ಲಮ್ ಅಡಿಗೆ ಬೇಡ.

ಅರೆಹಣ್ಣಾದುದು ಸಾರಿಗೆ ಉತ್ತಮ. ಹುಳಿಯೆಲ್ಲ ಸಿಪ್ಪೆಯಲ್ಲಿ ಇರುವುದರಿಂದ ಸಿಪ್ಪೆ ತೆಗೆಯಬಾರದು. ಎಂಟು ಹತ್ತು ಹಣ್ಣುಗಳ ಹೋಳನ್ನು ಸ್ವಲ್ಪ ನೀರಿನಲ್ಲಿ ಬೇಯಿಸಿ ಮಸೆದು, ಬೇಯಿಸಿದ ತೊಗರಿಬೇಳೆಯ ಕಟ್ಟನ್ನು ಸೇರಿಸಿ, ಉಪ್ಪು, ಸೀಳಿದ ಹಸಿಮೆಣಸು, ಅಡಿಕೆಯ ಗಾತ್ರದ ಬೆಲ್ಲ ಹಾಕಿ ಕುದಿಸಿ, ತುಪ್ಪದಲ್ಲಿ ಸಾಸಿವೆ, ಜೀರಿಗೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರೆ ಬಣ್ಣವೇ ನೋಡುವಂತಿರುತ್ತದೆ. ಈರುಳ್ಳಿ ಬೆಳ್ಳುಳ್ಳಿಯ ಕೊರತೆ ಯಾರಿಗೂ ತೋರುವುದಿಲ್ಲ, ಹುಣಿಸೆಯೂ ಬೇಡ. ಪೂರ್ತಿ ಹಣ್ಣಾದುದು ಮೆಣಸ್ಕಾಯಿಗೆ. ಉದ್ದಿನಬೇಳೆ, ಎಳ್ಳು, ಕೊತ್ತಂಬರಿ, ಒಣಮೆಣಸನ್ನು ಹುರಿದು ತೆಂಗಿನತುರಿಯೊಂದಿಗೆ ರುಬ್ಬಿ, ಬೆಲ್ಲದಲ್ಲಿ ಬೆಂದ ಹೋಳುಗಳಿಗೆ ಸೇರಿಸುವುದು. ಊರಿನಲ್ಲಿ ಅನಾನಸು ಮಾವಿನಹಣ್ಣುಗಳಿಗೆ ಮಾಡುವ ಕ್ರಮವೇ ಇದು. ಆದರೆ ಪ್ಲಮ್ ಬೇಗ ಕರಗುವುದರಿಂದ ಹೋಳನ್ನು ಕೊನೆಗೆ ಹಾಕಬೇಕು. ಅತಿಯಾಗಿ ಹಣ್ಣಾದವನ್ನು ನಾನು ಬೆಲ್ಲ, ಹುರಿದ ಎಳ್ಳಿನ ಪುಡಿ ಹಾಕಿ ಗೊಜ್ಜು ಮಾಡಿದೆ. ಅಕ್ಕನಿಗೆ ಹಿಡಿಸಿದ್ದು ಇವು ಯಾವುವೂ ಅಲ್ಲ. ಹೋಳುಗಳನ್ನು ನೀರಿನಲ್ಲಿ ಕುದಿಸಿ ಸೋಸಿ, ಏಲಕ್ಕಿ ಹಾಕಿದ ಬೆಚ್ಚನೆಯ ಪಾನಕ. ಬಿಸಿಯಿಂದ ಪ್ರಾಸುಕವಾಯಿತು, ಸೂರ್ಯಾಸ್ತಕ್ಕೆ ಮೊದಲು ಒಂದು ಲೋಟ ಸಾಕು ಎನ್ನುತ್ತಿದ್ದಳು. ಅಲ್ಲಿ ಜೂನ್ ತಿಂಗಳಲ್ಲಿ ಸೂರ್ಯಾಸ್ತವಾಗುವುದು ರಾತ್ರಿ ಎಂಟೂವರೆಗೆ. ರಾತ್ರಿಭೋಜನ ತ್ಯಾಗಕ್ಕೆ ಇಷ್ಟು ಅನುಕೂಲವಾದ ದೇಶ ಇನ್ನೊಂದಿಲ್ಲವೆಂದು ನಾವಿಬ್ಬರೂ ನಗುತ್ತಿದ್ದೆವು. ಡಿಸೆಂಬರಿನಲ್ಲಿ ಐದು ಗಂಟೆಗೆ ಮೊದಲೇ ಕತ್ತಲಾಗುವಾಗ ಕಚೇರಿಯಿಂದ ಬರುವ ಸೊಸೆಗೆ ಎಷ್ಟು ಕಷ್ಟವೆಂಬುದು ಬೇರೆ ಮಾತು.

ಇಷ್ಟೆಲ್ಲ ಮಾಡಿದರೂ ಹತ್ತರಲ್ಲಿ ಎರಡು ಪಾಲು ಮುಗಿಯಲಿಲ್ಲ. ಹೆಚ್ಚಾದುದನ್ನು ಏನು ಮಾಡಬೇಕು? ಆ ದೇಶದವರ ಉತ್ತರ ಸರಳವಾಗಿದೆ. ಸಕ್ಕರೆ ಹಾಕಿ ಜಾಮ್ ಮಾಡಿ ಸೀಸೆಗಳಲ್ಲಿ ತುಂಬಿ ವರ್ಷವಿಡೀ ಇಡುವುದು. ಸೊಸೆಯ ಗೆಳತಿಯೊಬ್ಬಳು ಸೀಸೆಗಳನ್ನೂ ತಂದುಕೊಟ್ಟಳು. ಆದರೆ ನಮ್ಮ ಅಭಕ್ಷ್ಯಗಳ ಪಟ್ಟಿಯಲ್ಲಿ ‘ಸಂಧಾನ’ ಎಂಬುದೊಂದಿದೆ. ಉಪ್ಪಿನಕಾಯಿ, ಮುರಬ್ಬಗಳು ಅದರಲ್ಲಿ ಬರುತ್ತವೆ. ಮರ್ಯಾದೆಯ ಕಾಲ ಮೀರಿದ ಪದಾರ್ಥ ಚಲಿತರಸ. ಗೋಧಿಹಿಟ್ಟಿಗೇ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮಿತಿಯನ್ನು ಪಾಲಿಸುವ ಅಕ್ಕನ ಮುಂದೆ ವರ್ಷದ ಜಾಮಿನ ಮಾತೆತ್ತುವುದು ಹೇಗೆ? ನಮ್ಮ ಕರಾವಳಿಯ ಜೈನರ ಮನೆಗಳಲ್ಲಿ ಮಿಡಿ ಉಪ್ಪಿನಕಾಯಿಯ ಭರಣಿ ಇಲ್ಲದ ಮನೆ ಅಪರೂಪ ಎಂಬುದೂ ನಿಜವೇ. ವ್ರತಿಗಳು ಮುಟ್ಟುವುದಿಲ್ಲ, ಉಳಿದವರು ತಿನ್ನುತ್ತಾರೆ. ಸೊಸೆ ನ್ಯಾಯವಾಗಿಯೇ ಕೇಳಿದಳು: “ಕುದಿಸಿ ಗಾಳಿಯಾಡದಂತೆ ಮುಚ್ಚಿದ ಸೀಸೆಯಲ್ಲಿ ಜೀವಿಗಳು ಹುಟ್ಟುವುದಿಲ್ಲವೆಂದು ವಿಜ್ಞಾನ ಹೇಳುತ್ತದಲ್ಲ ಅತ್ತೆ, ಆಗಲೂ ದೋಷವೇ?”

ಈ ಪ್ರಶ್ನೆಗೆ ಅಕ್ಕ ಕೊಟ್ಟ ಉತ್ತರ ಶಾಸ್ತ್ರದ್ದು. ನನ್ನ ಉತ್ತರ ಸ್ವಲ್ಪ ಬೇರೆ. ಸೀಸೆಯೊಳಗೆ ಜೀವವಿದೆಯೋ ಇಲ್ಲವೋ ಎಂಬುದು ಒಂದು ಪಕ್ಕ. ಸೀಸೆಯ ಹೊರಗೆ, ಅದನ್ನು ಇಟ್ಟುಕೊಂಡವನಲ್ಲಿ ಏನಾಗುತ್ತದೆ ಎಂಬುದು ಇನ್ನೊಂದು ಪಕ್ಕ. ಕಾಲಮರ್ಯಾದೆ ಎಂಬುದು ಇಲ್ಲದಿದ್ದರೆ 70 ಕಿಲೋ ಹಣ್ಣೂ ‘ನಮ್ಮದು’ ಆಗಿ ಕಪಾಟು ಸೇರುತ್ತದೆ. ಮರ್ಯಾದೆ ಇರುವುದರಿಂದಲೇ ಐದನೆಯ ದಿನದ ಹಣ್ಣು ಇನ್ನೊಬ್ಬರ ಮನೆಯ ಬಾಗಿಲು ತಟ್ಟಲೇಬೇಕಾಗುತ್ತದೆ. ಪರಿಗ್ರಹ ಪರಿಮಾಣವನ್ನು ಅಡಿಗೆಯ ಮನೆಯಲ್ಲಿ ಕಾಯುವ ಕಾವಲುಗಾರನೆಂದು ನಾನು ಆ ನಿಯಮವನ್ನು ಕಾಣುತ್ತೇನೆ. ಸೊಸೆ ಒಪ್ಪಿದಳೆಂದು ಹೇಳಲಾರೆ. ನಾಲ್ಕು ಸೀಸೆ ಜಾಮ್ ಆಯಿತು, ಅದರ ಮೇಲೆ ಅವಳು ತಾರೀಖು ಬರೆದು, ಒಂದು ತಿಂಗಳೊಳಗೆ ಮುಗಿಸುವ ನಿಯಮ ಮಾಡಿಕೊಂಡಳು. ತಿರುಳನ್ನು ತೆಳ್ಳಗೆ ಹರಡಿ ಮಾಂಬಳದಂತೆ ಒಣಗಿಸುವ ಯೋಚನೆ ನನ್ನದು. ಅಲ್ಲಿಯ ಬೇಸಿಗೆಯಲ್ಲಿ ಮಳೆಯ ಹೆಸರಿಲ್ಲ. ಆದರೆ ಬಿಸಿಲಿಗೆ ಇಟ್ಟರೆ ನೊಣ ಬೀಳುತ್ತದೆ, ರಾತ್ರಿ ಹಸಿಯಾಗಿ ಉಳಿಯುತ್ತದೆ. ವಿದ್ಯುತ್ತಿನ ಒಣಗಿಸುವ ಪೆಟ್ಟಿಗೆಯಲ್ಲಿ ಬೆಳಿಗ್ಗೆ ಇಟ್ಟುದು ಸಂಜೆಯೊಳಗೆ ಹಾಳೆಯಂತೆ ಎದ್ದು ಬಂದಾಗ ಅಕ್ಕನೂ ಆಕ್ಷೇಪಿಸಲಿಲ್ಲ.

ನೆರೆಯ ವೃದ್ಧರೊಬ್ಬರು ಬಂದದ್ದು ಈ ನಡುವೆ. ಸಜ್ಜನರು, ಮಗನ ಮನೆಗೆ ಬಹಳ ಆಪ್ತರು. ಉದುರಿದ ಹಣ್ಣುಗಳನ್ನೆಲ್ಲ ಎರಡು ಬಕೆಟ್ಟು ತುಂಬ ಕೊಟ್ಟರೆ ತಾವು ಮನೆಯಲ್ಲೇ ವೈನ್ ಮಾಡುತ್ತೇವೆಂದೂ, ಅದರಲ್ಲಿ ನಮಗೂ ಒಂದು ಸೀಸೆ ಕೊಡುತ್ತೇವೆಂದೂ ಹೇಳಿದರು. ಮಗನಿಗೆ ಇದು ಒಳ್ಳೆಯ ಪರಿಹಾರವೆನಿಸಿತು. ಹೇಗೂ ಎಸೆಯುವ ಹಣ್ಣು, ಕುಡಿಯುವವರು ನಾವಲ್ಲ. ನಾನು ಒಪ್ಪಲಿಲ್ಲ. ಕೊಟ್ಟ ಮೇಲೆ ಅವರೇನು ಮಾಡುತ್ತಾರೆಂದು ಹಿಂಬಾಲಿಸಿ ನೋಡುವ ಅಧಿಕಾರ ನಮಗಿಲ್ಲ, ನಿಜ. ಆದರೆ ಮದ್ಯಕ್ಕಾಗಿಯೇ ಎಂದು ಬಾಯಿಬಿಟ್ಟು ಕೇಳಿದಾಗ, ಅದಕ್ಕಾಗಿಯೇ ಕೊಡುವುದು ಅನುಮೋದನೆಯಾಗುತ್ತದೆ. ಕೃತ, ಕಾರಿತ, ಅನುಮತ ಎಂಬ ಮೂರರಲ್ಲಿ ಮೂರನೆಯದನ್ನು ನಾವು ಬಹಳ ಸುಲಭವಾಗಿ ಮರೆಯುತ್ತೇವೆ. ಹುಳುತುಂಬಿದ ಹಣ್ಣನ್ನು ಹುದುಗೆಬ್ಬಿಸುವುದರಲ್ಲಿ ಆಗುವ ಘಾತ ಬೇರೆ. ನನ್ನ ಮುರುಕು ಇಂಗ್ಲಿಷಿನಲ್ಲಿ, ನಮ್ಮ ಧರ್ಮದಲ್ಲಿ ಹೀಗಿದೆ, ತಪ್ಪು ತಿಳಿಯಬಾರದು, ತಿನ್ನುವುದಕ್ಕೆ ಎಷ್ಟು ಬೇಕಾದರೂ ಕೊಡುತ್ತೇವೆ ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಒಂದು ಬುಟ್ಟಿ ಒಳ್ಳೆಯ ಹಣ್ಣನ್ನು ತೆಗೆದುಕೊಂಡು ಹೋದರು. ಮಗನು ಮಾತ್ರ ಅಂದು ಸಂಜೆಯವರೆಗೂ ನನ್ನೊಂದಿಗೆ ಸರಿಯಾಗಿ ಮಾತನಾಡಲಿಲ್ಲ. ಪರದೇಶದಲ್ಲಿ ನೆರೆಯವರ ಸ್ನೇಹವನ್ನು ಕಾಪಾಡಿಕೊಳ್ಳಬೇಕಾದ ಅವನ ಅಳುಕು ನನಗೆ ಅರ್ಥವಾಗದ್ದಲ್ಲ.

ದಾನದ ಮಾತಿಗೆ ಬರುತ್ತೇನೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅತಿಥಿಸಂವಿಭಾಗ ವ್ರತದ ಐದು ಅತಿಚಾರಗಳು ಬರುತ್ತವೆ. ಸಚಿತ್ತನಿಕ್ಷೇಪ, ಸಚಿತ್ತಾಪಿಧಾನ, ಪರವ್ಯಪದೇಶ, ಮಾತ್ಸರ್ಯ, ಕೊನೆಯದು ಕಾಲಾತಿಕ್ರಮ, ಎಂದರೆ ಕೊಡಬೇಕಾದ ಹೊತ್ತನ್ನು ಮೀರಿಸುವುದು. ಮುನಿಗಳಿಗೆ ಆಹಾರ ಕೊಡುವ ಸಂದರ್ಭದಲ್ಲಿ ಹೇಳಿದ ಮಾತು ಇದು. ಆದರೆ ಹಣ್ಣಿನ ಬುಟ್ಟಿಯನ್ನು ಮುಂದಿಟ್ಟುಕೊಂಡಾಗ ಕಾಲಾತಿಕ್ರಮಕ್ಕೆ ಇನ್ನೂ ಒಂದು ಅರ್ಥ ಕಾಣುತ್ತದೆ. ಹಣ್ಣು ಹದವಾಗಿದ್ದಾಗ ನಾವು ಇಟ್ಟುಕೊಳ್ಳುತ್ತೇವೆ. ಮೆತ್ತಗಾಗಿ ಬಣ್ಣ ಕಪ್ಪಾಗತೊಡಗಿದಾಗ, ಅಯ್ಯೋ ಹಾಳಾಗುತ್ತದೆ, ಯಾರಿಗಾದರೂ ಕೊಡೋಣ ಎನ್ನುತ್ತೇವೆ. ಅಲ್ಲಿ ಕೊಡುವವನಿಗೆ ಮುಖ್ಯವಾದದ್ದು ಪಾತ್ರನಲ್ಲ, ತನ್ನ ತಿಪ್ಪೆ ತುಂಬಬಾರದೆಂಬುದು. ಬಸದಿಗಳ ವಿಷಯದಲ್ಲಂತೂ ಇದನ್ನು ಹೇಳಲೇಬೇಕು. ಮನೆಯಲ್ಲಿ ಹೆಚ್ಚಾದ ತೆಂಗು, ಬಾಳೆ, ತರಕಾರಿಗಳನ್ನು ತಂದು ಬಸದಿಯ ಜಗಲಿಯ ಮೇಲಿಟ್ಟು ಹೋಗುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಅದು ದೇವರಿಗೆ ಅರ್ಪಿತವಾದರೆ ನಿರ್ಮಾಲ್ಯ, ಶ್ರಾವಕರು ಅದನ್ನು ಬಳಸುವಂತಿಲ್ಲ, ಅರ್ಪಿತವಾಗದಿದ್ದರೆ ಕೊಳೆಯುತ್ತದೆ. ಎರಡೂ ಬಗೆಯಲ್ಲಿ ಆಡಳಿತದವರಿಗೆ ಸಂಕಟ. 2000ದಲ್ಲಿ ಪ್ರತಿಷ್ಠೆಗೊಂಡ ಮಿಲ್ಪಿಟಾಸಿನ ಜಿನಮಂದಿರ ನಮಗೆ ಹತ್ತಿರ. ದಿಗಂಬರ ಶ್ವೇತಾಂಬರ ಎರಡೂ ಪರಂಪರೆಯ ಬಿಂಬಗಳು ಅಲ್ಲಿವೆ. ಫಲಪೂಜೆಗೆಂದು ನಾನು ಕೊಂಡೊಯ್ದದ್ದು ಐದು ಹಣ್ಣು, ಅದೂ ಮೊದಲ ದಿನದ ಫಸಲಿನಿಂದ. ನಮ್ಮ ಕರ್ನಾಟಕದ ಕ್ರಮದಲ್ಲಿ ಹಸಿಯ ಹಣ್ಣನ್ನು ಅರ್ಪಿಸುವುದುಂಟು. ತೇರಾಪಂಥದವರು ಬಾದಾಮಿಯಂಥ ಒಣಫಲಗಳನ್ನೇ ಇಡುತ್ತಾರೆ. ಅಲ್ಲಿ ಎಲ್ಲರೂ ಸೇರುವುದರಿಂದ, ಕೇಳಿಕೊಂಡೇ ಇಟ್ಟೆ.

ಹಸಿದವರಿಗೆ ತಲುಪುವ ದಾರಿಯನ್ನು ಸೊಸೆ ಹುಡುಕಿದಳು. ಮನೆಗಳ ಹಿತ್ತಿಲುಗಳಲ್ಲಿ ಹೆಚ್ಚಾದ ಹಣ್ಣನ್ನು ಸ್ವಯಂಸೇವಕರಿಂದ ಕೊಯ್ಯಿಸಿ, ಆಹಾರ ಹಂಚುವ ಸಂಸ್ಥೆಗಳಿಗೆ ಒಯ್ದು ಮುಟ್ಟಿಸುವ ‘ವಿಲೇಜ್ ಹಾರ್ವೆಸ್ಟ್’ ಎಂಬ ಸೇವಾ ಸಂಸ್ಥೆ ಆ ಭಾಗದಲ್ಲಿದೆ. ಅವರು ಕೇಳಿದ ಮೊದಲ ಪ್ರಶ್ನೆ, ಹಣ್ಣು ಪೂರ್ತಿ ಮೆತ್ತಗಾಗುವುದಕ್ಕೆ ಎಷ್ಟು ದಿನ ಮೊದಲು ನಾವು ಬರಬಹುದು ಎಂದು! ಸಾಗಿಸಿ, ಹಂಚಿ, ತಿನ್ನುವವರ ಕೈ ಸೇರುವವರೆಗೆ ಹಣ್ಣು ಉಳಿಯಬೇಕಲ್ಲ. ಕಾಲಾತಿಕ್ರಮವೆಂಬ ಶಬ್ದವನ್ನು ಎಂದೂ ಕೇಳದ ಆ ಜನ ಅದರ ಅರ್ಥವನ್ನು ಹೀಗೆ ಆಚರಿಸುತ್ತಿದ್ದರು. ನಮ್ಮಲ್ಲಿಗೆ ಆರು ಜನ ಬಂದರು. ಅದರಲ್ಲಿ ಇಬ್ಬರು ಶಾಲೆಯ ಮಕ್ಕಳು. ಮಠದ ಗೋಡೆಯ ಆರು ಜನರ ನೆನಪು ನನಗೂ ಅಕ್ಕನಿಗೂ ಒಟ್ಟಿಗೇ ಬಂದು, ಇಬ್ಬರೂ ಮುಖ ಮುಖ ನೋಡಿಕೊಂಡೆವು. ನೆಲದ ಮೇಲಿನದನ್ನು ಮುಟ್ಟದೆ, ಕೊಂಬೆ ಮುರಿಯದೆ, ಒಂದೂವರೆ ಗಂಟೆಯಲ್ಲಿ 40 ಕಿಲೋಗಳಷ್ಟು ಹಣ್ಣು ಇಳಿಸಿದರು. ಮೇಲಿನ ತುದಿಯಲ್ಲಿದ್ದವನ್ನು ಹಕ್ಕಿಗಳಿಗೆ ಬಿಟ್ಟೆವು. ಒಡೆದು ಕೊಳೆತವು 2022ರಿಂದ ಕ್ಯಾಲಿಫೋರ್ನಿಯಾದಲ್ಲಿ ಜಾರಿಗೆ ಬಂದ ಕಾನೂನಿನಂತೆ ಬೇರೆ ತೊಟ್ಟಿಯಲ್ಲಿ ಗೊಬ್ಬರಕ್ಕೆ ಹೋಗಬೇಕು. ಅಕ್ಕ ಅದಕ್ಕೂ ಒಪ್ಪದೆ, ಆದಷ್ಟನ್ನು ಮರದ ಬುಡದಿಂದ ದೂರ ಮಣ್ಣಿನ ಮೇಲೆ ತೆರೆದೇ ಹರಡಿಸಿದಳು. ಇದರಿಂದ ಇಲಿ ಬರುವುದಿಲ್ಲವೇ ಎಂದು ಮಗನು ಕೇಳಿದ್ದು ನ್ಯಾಯವಾಗಿಯೇ ಇತ್ತು. ಆ ವಿಷಯ ನಮ್ಮ ನಡುವೆ ಇನ್ನೂ ತೀರ್ಮಾನವಾಗಿಲ್ಲ.

ಮರ ತೆಗೆಸುವ ಮಾತು ಮತ್ತೆ ಬರಲಿಲ್ಲ. ನಾವು ಊರಿಗೆ ಮರಳಿದ ಮೇಲೆ, ಜನವರಿಯಲ್ಲಿ, ಮಗನು ದೂರವಾಣಿಯಲ್ಲಿ ಅಕ್ಕನನ್ನು ಕೇಳಿದನಂತೆ. ಎಲೆ ಉದುರಿ ಮರ ಮಲಗಿರುವ ಈ ಕಾಲದಲ್ಲಿ ಎತ್ತರದ ನಾಲ್ಕು ಕೊಂಬೆಗಳನ್ನು ತಗ್ಗಿಸಿದರೆ ಮುಂದಿನ ವರ್ಷ ಹಣ್ಣೆಲ್ಲ ಕೈಗೆಟಕುವಂತಿರುತ್ತದೆ, ಬಿದ್ದು ಒಡೆಯುವುದು ಕಡಿಮೆಯಾಗುತ್ತದೆ. ಹೂವು ಕಾಯಿ ಎಳೆಯದಾಗಿರುವಾಗ ಚಿವುಟಿ ಉದುರಿಸುವುದಕ್ಕಿಂತ ಇದು ಮೇಲಲ್ಲವೇ ದೊಡ್ಡಮ್ಮ ಎಂದು. ಅಕ್ಕ ಸ್ವಲ್ಪ ಹೊತ್ತು ಯೋಚಿಸಿ, “ಮೂರರಲ್ಲಿ ಆಗುವುದಿಲ್ಲವೇ ನೋಡು” ಎಂದಳಂತೆ. ಅವನು ಏಣಿ ಇಟ್ಟು ಮತ್ತೊಮ್ಮೆ ನೋಡಿ, ಮೂರು ಕೊಂಬೆಗಳನ್ನೇ ತಗ್ಗಿಸಿದನು.